ಮೀನಿನ ತೊಟ್ಟಿಗೆ ಹಾವು

ಡಲ್ಲಾಸ್‌ನಲ್ಲಿ ಯಾರೋ ಮನೆ ಖಾಲಿ ಮಾಡುವಾಗ 40 ಗ್ಯಾಲನ್ನಿನ ಹಳೇ ಮೀನಿನ ತೊಟ್ಟಿ ಅಗ್ಗಕ್ಕೆ ಸಿಕ್ಕಿತು. ಮಗಳು ಸಾಕಿರುವ ಕಾರ್ನ್ ಸ್ನೇಕ್‌ಗೆ (ವಿಷವಿಲ್ಲದ ಹಾವು). ಗಾಜಿನ ಬಿಳಿ ಕಲೆಯನ್ನು ವಿನಿಗರ್ ಹಚ್ಚಿ ಉಜ್ಜಿ, ಚೆನ್ನಾಗಿ ತೊಳೆದೆ. ಆಮೇಲೆ ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್. (ವಿನಿಗರ್, ಬ್ಲೀಚ್ ಎರಡನ್ನೂ ಒಟ್ಟಿಗೆ ಸೇರಿಸಿದರೆ ವಿಷದ ಗಾಳಿ, ಹುಷಾರು.) ಮತ್ತೆ ತೊಳೆದು, ವಾಸನೆ ಹೋಗುವವರೆಗೆ ಎರಡು ದಿನ ಬಿಸಿಲಿಗಿಟ್ಟೆ.

ನಿಜವಾದ ತಲೆನೋವು ಮುಚ್ಚಳ. ತಲೆ ತೂರುವಷ್ಟು ಸಂದಿ ಸಿಕ್ಕರೆ ಸಾಕು, ಹಾವಿನ ಮೈಯೂ ತೂರಿಬಿಡುತ್ತದೆ. ಜಾಲರಿ ಮುಚ್ಚಳ ಹಾಕಿ ನಾಲ್ಕೂ ಕಡೆ ಕ್ಲಿಪ್ ಬಿಗಿದೆ. ಮೂಲೆಯ ಸಂದಿಗೆ ಸುಮ್ನೆ ಟೇಪ್ ಅಂಟಿಸೋಣ ಅಂದುಕೊಂಡಿದ್ದೆ. ಮಗಳು ಬೈದಳು. ಟೇಪಿಗೆ ಹಾವು ಅಂಟಿಕೊಂಡರೆ ಚರ್ಮವೇ ಕಿತ್ತು ಬರುತ್ತದೆ! ತಳದಲ್ಲಿ ಹೀಟ್ ಮ್ಯಾಟ್ ಇದೆ, ಬಿಸಿ ಮಿತಿ ಮೀರದ ಹಾಗೆ ಅದಕ್ಕೆ ಥರ್ಮೋಸ್ಟಾಟ್. ಒಂದು ಬದಿ 30 ಡಿಗ್ರಿ ಸೆಲ್ಸಿಯಸ್ ಸುಮಾರು, ಇನ್ನೊಂದು ಬದಿ ತಂಪು.

ಕ್ಲಿಪ್ ಹಾಕುವಾಗ ಅಪ್ಪ ನೆನಪಾದರು. ಊರಲ್ಲಿ ಮಳೆಗಾಲ ಬಂದರೆ ಹಾವು ಒಳಗೆ ಬರದ ಹಾಗೆ ಬಚ್ಚಲ ತೂತು ಮುಚ್ಚುತ್ತಿದ್ದರು. ನಾನಿಲ್ಲಿ ಹೊರಗೆ ಹೋಗದ ಹಾಗೆ ಮುಚ್ಚುತ್ತಿದ್ದೇನೆ, ವಿಚಿತ್ರ ಅಲ್ವಾ?

ಅಮ್ಮನಿಗೆ ಇನ್ನೂ ಹೇಳಿಲ್ಲ. ವಿಡಿಯೋ ಕಾಲ್‌ನಲ್ಲಿ ಆ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ.