ಬೆಲ್ ಹೊಡೆದರೆ ಕೆಳಗಿಡಬಹುದಾದ ಹೆಣಿಗೆ

ಸ್ಟಾಫ್ ರೂಮಿನಲ್ಲಿ ಹೆಣಿಗೆ ಶುರು ಮಾಡುವವರು ಹೆಚ್ಚಾಗಿ ಎಡವುವುದು ಕಡ್ಡಿ ಹಿಡಿಯುವುದರಲ್ಲಲ್ಲ, ಏನು ಹೆಣೆಯಬೇಕೆಂದು ಆರಿಸುವುದರಲ್ಲಿ. ಇಪ್ಪತ್ತು ನಿಮಿಷದ ಬಿಡುವಿಗೆ ಜಡೆಯಂತೆ ತಿರುಚಿದ ಕೇಬಲ್ ವಿನ್ಯಾಸದ ಸ್ವೆಟರ್ ಎತ್ತಿಕೊಂಡರೆ, ಹಿಂದಿನ ಸಲ ಚಾರ್ಟಿನಲ್ಲಿ ಎಲ್ಲಿಗೆ ಬಿಟ್ಟಿದ್ದೆವೆಂದು ಹುಡುಕುವುದರಲ್ಲೇ ಐದು ನಿಮಿಷ ಹೋಗುತ್ತದೆ. ಮತ್ತೆ ಹತ್ತು ನಿಮಿಷ ಪಕ್ಕದವರ ಮಾತಿಗೆ ಕಿವಿಗೊಡದೆ ಎಣಿಸಬೇಕು. ಅಷ್ಟರಲ್ಲಿ ಬೆಲ್. ಅದು ಬಿಡುವಲ್ಲ, ಇನ್ನೊಂದು ಪೀರಿಯಡ್. ಶಾಲೆಯಲ್ಲಿ ಹೆಣೆಯುವುದಕ್ಕೆ ನಾನು ಇಡುವ ಅಳತೆ ಒಂದೇ: ಬೆಲ್ ಹೊಡೆದ ಕ್ಷಣ, ಸಾಲಿನ ನಡುವೆ ಇದ್ದರೂ ಕೆಳಗಿಟ್ಟು ಏಳುವಂತಿರಬೇಕು. ಹೆಣೆಯುತ್ತ ಕೂತವರಿಗೆ ಒಬ್ಬರು ಓದಿ ಹೇಳುವ ಪುಸ್ತಕಕ್ಕೂ ಅದೇ ಅಳತೆ.

ಕೋವಿಡ್ ಕಾಲ ಶಿಕ್ಷಕರಿಂದ ಕಿತ್ತುಕೊಂಡದ್ದು ಈ ಬೆಲ್ಲನ್ನೇ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಮಹಾಸಾಂಕ್ರಾಮಿಕ ಎಂದು ಕರೆಯಿತು. ಏಪ್ರಿಲ್ ಹೊತ್ತಿಗೆ, ಯುನೆಸ್ಕೊ ಲೆಕ್ಕದ ಪ್ರಕಾರ, 190ಕ್ಕೂ ಹೆಚ್ಚು ದೇಶಗಳಲ್ಲಿ 150 ಕೋಟಿಗೂ ಮೀರಿದ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ಪಾಠ ಪರದೆಗೆ ಹೋಯಿತು. ಪರದೆಗೆ ಬೆಲ್ ಇಲ್ಲ. ಪಾಠ ಮುಗಿದ ಮೇಲೆ ಅಸೈನ್‌ಮೆಂಟಿನ ಫೋಟೋಗಳು, ರಾತ್ರಿ ಹತ್ತಕ್ಕೆ ಪೋಷಕರ ಮೆಸೇಜು, ನಡುವೆ ಇನ್ನೊಂದು ಮೀಟಿಂಗ್ ಲಿಂಕ್. ಶಾಲೆ ಮತ್ತೆ ತೆರೆದಾಗ ಎಷ್ಟೋ ಕಡೆ ಅರ್ಧ ಮಕ್ಕಳು ಎದುರಿಗೆ, ಅರ್ಧ ಮಕ್ಕಳು ಪರದೆಯಲ್ಲಿ. ಮಾಸ್ಕಿನೊಳಗಿಂದ ಇಬ್ಬರಿಗೂ ಒಟ್ಟಿಗೆ ಕೇಳಿಸುವಂತೆ ಮಾತಾಡಬೇಕು. ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2023ರ ಮೇ 5ರಂದು. ಆ ದಿನಗಳಲ್ಲಿ ಅಂಟಿದ ಅಭ್ಯಾಸಗಳು ಆ ತಾರೀಖಿಗೆ ಬಿಟ್ಟು ಹೋಗಲಿಲ್ಲ. ಹಾಗಾಗಿಯೇ ಸ್ಟಾಫ್ ರೂಮಿನ ಆ ಇಪ್ಪತ್ತು ನಿಮಿಷವನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು.

ಮೊದಲ ಹೆಣಿಗೆಗೆ ಮಫ್ಲರ್ ಸಾಕು, ಅದೂ ಗಾರ್ಟರ್ ಸ್ಟಿಚ್ಚಿನಲ್ಲಿ. ಅಂದರೆ ಪ್ರತಿ ಸಾಲೂ ಬರೀ ನಿಟ್ ಎಂಬ ಸರಳ ಕುಣಿಕೆ, ಅದರ ಉಲ್ಟಾ ಆದ ಪರ್ಲ್ ಬೇಡವೇ ಬೇಡ. ಎರಡೂ ಬದಿ ಒಂದೇ ಥರ ಕಾಣುತ್ತದೆ, ಅಂಚು ಸುರುಳಿ ಸುತ್ತುವುದಿಲ್ಲ. ಲೇಬಲ್ಲಿನ ಮೇಲೆ 4 ಎಂಬ ಅಂಕಿಯಿರುವ ಮಧ್ಯಮ ದಪ್ಪದ ನೂಲು ತೆಗೆದುಕೊಳ್ಳಿ. ನೂರು ಗ್ರಾಮಿನ ಉಂಡೆಯಲ್ಲಿ ಹೆಚ್ಚುಕಡಿಮೆ 200 ಮೀಟರ್ ಇರುತ್ತದೆ, ಅಂಥವು ಎರಡು ಬೇಕು. ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿ ನೂಲಿನಲ್ಲಿ ಕುಣಿಕೆ ಎಲ್ಲಿದೆಯೆಂದು ಕಾಣುವುದೇ ಇಲ್ಲ, ಇಡೀ ದಿನ ಪರದೆ ನೋಡಿದ ಕಣ್ಣಿಗಂತೂ ಇನ್ನೂ ಕಷ್ಟ. ಜುಂಜುಜುಂಜಾದ ಮೊಹೇರ್ ಬೇಡ, ತಪ್ಪಾದರೆ ಬಿಚ್ಚಲು ಬರುವುದಿಲ್ಲ. ಹತ್ತಿ ನೂಲು ಎಳೆದರೆ ಹಿಗ್ಗುವುದಿಲ್ಲ, ಕೈ ಬೇಗ ಸೋಲುತ್ತದೆ.

ಕಡ್ಡಿ 5 ಮಿಲಿಮೀಟರ್ ದಪ್ಪದ್ದು, ಬಿದಿರು ಅಥವಾ ಮರದ್ದು. ಲೋಹದ ಕಡ್ಡಿಯಲ್ಲಿ ವೇಗ ಸಿಗುತ್ತದೆ ನಿಜ, ಆದರೆ ಕುಣಿಕೆಗಳು ಜಾರುತ್ತವೆ, ಕಡ್ಡಿ ಕೈತಪ್ಪಿದರೆ ಟಣ್ಣೆಂದು ಇಡೀ ಕೋಣೆ ತಿರುಗಿ ನೋಡುತ್ತದೆ. ಉದ್ದನೆಯ ಜೋಡಿ ಕಡ್ಡಿಗಿಂತ 80 ಸೆಂಟಿಮೀಟರಿನ ವೃತ್ತಾಕಾರದ ಕಡ್ಡಿ ಸ್ಟಾಫ್ ರೂಮಿಗೆ ಹೇಳಿ ಮಾಡಿಸಿದ್ದು. ಎರಡು ಗಿಡ್ಡ ತುದಿ, ನಡುವೆ ಬಾಗುವ ಕೇಬಲ್. ಮೊಣಕೈ ಪಕ್ಕದವರಿಗೆ ತಾಗುವುದಿಲ್ಲ, ಹೆಣಿಗೆಯ ಭಾರ ಮಣಿಕಟ್ಟಿಗೆ ಬೀಳದೆ ತೊಡೆಯ ಮೇಲೆ ಕೂರುತ್ತದೆ, ಎದ್ದು ಹೋಗುವಾಗ ಕುಣಿಕೆಗಳನ್ನೆಲ್ಲ ಕೇಬಲ್ಲಿಗೆ ಸರಿಸಿಬಿಟ್ಟರೆ ಒಂದೂ ಬೀಳುವುದಿಲ್ಲ. ಇದರಲ್ಲಿ ಸುತ್ತಾಗಿಯೇ ಹೆಣೆಯಬೇಕೆಂದೇನಿಲ್ಲ. ಸಾಲು ಮುಗಿದಾಗ ತಿರುಗಿಸಿಕೊಂಡರೆ ನೇರ ಬಟ್ಟೆಯೇ ಬರುತ್ತದೆ.

ಮೂವತ್ತು ಕುಣಿಕೆ ಹಾಕಿಕೊಳ್ಳಿ. ಬಾಲದ ನೂಲು, ಅಂದರೆ ಉಂಡೆಯಿಂದ ಹೊರಗಿರುವ ಬಿಡಿ ತುದಿ, ಬಳಸಿ ಕುಣಿಕೆ ಹಾಕುವ ವಿಧಾನದಲ್ಲಿ ಒಂದು ಕುಣಿಕೆಗೆ ಎರಡೂವರೆ ಸೆಂಟಿಮೀಟರ್ ಲೆಕ್ಕ, ಅಂದರೆ 75 ಸೆಂಟಿಮೀಟರ್. ಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟಿರಿ. ಬಾಲ ಸಾಲದೆ ಇಪ್ಪತ್ತಾರನೇ ಕುಣಿಕೆಗೆ ಮುಗಿದುಹೋದರೆ ಎಲ್ಲವನ್ನೂ ಬಿಚ್ಚಿ ಮೊದಲಿಂದ ಹಾಕಬೇಕಾಗುತ್ತದೆ. ಮೊದಲ ಸಾಲು ಬಿಗಿಯಾಗುವುದು ಎಲ್ಲರ ಪಾಡು. ಕಡ್ಡಿಯ ಎರಡೂ ತುದಿಯನ್ನು ಜೋಡಿಸಿ ಹಿಡಿದು ಅದರ ಮೇಲೆ ಕುಣಿಕೆ ಹಾಕಿ, ಆಮೇಲೆ ಒಂದನ್ನು ಎಳೆದುಕೊಂಡರೆ ಸಡಿಲವಾಗಿ ಕೂತಿರುತ್ತದೆ.

ನಿಟ್ ಕುಣಿಕೆಯಲ್ಲಿ ನಾಲ್ಕೇ ಚಲನೆ. ನೂಲು ಹಿಂದೆ ಇರಲಿ. ಬಲಗಡ್ಡಿಯನ್ನು ಎಡಗಡ್ಡಿಯ ಮೊದಲ ಕುಣಿಕೆಗೆ ಎಡದಿಂದ ಬಲಕ್ಕೆ, ಮುಂದಿನಿಂದ ಹಿಂದಕ್ಕೆ ತೂರಿಸಿ. ನೂಲನ್ನು ಬಲಗಡ್ಡಿಯ ತುದಿಗೆ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತಿ. ಆ ಸುತ್ತನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆದುಕೊಳ್ಳಿ. ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಬಿಟ್ಟುಬಿಡಿ. ಹೊಸ ಕುಣಿಕೆ ಕಡ್ಡಿಯ ಚೂಪಾದ ಭಾಗದಲ್ಲಿ ನಿಲ್ಲದೆ ದಪ್ಪ ಭಾಗಕ್ಕೆ ಸರಿಯಬೇಕು. ಚೂಪಿನಲ್ಲೇ ಹೆಣೆದರೆ ಕುಣಿಕೆ ಕಿರಿದಾಗಿ ಮುಂದಿನ ಸಾಲಿನಲ್ಲಿ ಕಡ್ಡಿಯೇ ಹೋಗುವುದಿಲ್ಲ. ಮನಸ್ಸು ಬಿಗಿದಿರುವ ದಿನ ಈ ತೊಂದರೆ ಹೆಚ್ಚು. ನೂಲನ್ನು ಕಿರುಬೆರಳಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದವರು ಆ ದಿನ ಒಂದೇ ಸುತ್ತು ಸುತ್ತಿಕೊಳ್ಳಲಿ.

ಹೊಸಬರ ಕೈಗೆ ನಿಮಿಷಕ್ಕೆ ಹದಿನೈದು ಕುಣಿಕೆ ಅಂತಿಟ್ಟುಕೊಂಡರೆ ಸಾಲಿಗೆ ಎರಡು ನಿಮಿಷ. ಕೂತು, ಚೀಲ ತೆಗೆದು, ಮತ್ತೆ ಇಡುವಷ್ಟು ಹೊತ್ತು ಕಳೆದರೆ ಒಂದು ಬಿಡುವಿಗೆ ಎಂಟು ಸಾಲು, ಸುಮಾರು 2.3 ಸೆಂಟಿಮೀಟರ್. 150 ಸೆಂಟಿಮೀಟರಿನ ಮಫ್ಲರಿಗೆ ಅರವತ್ತೈದು ಬಿಡುವು ಬೇಕು. ಐದು ದಿನದ ವಾರವಾದರೆ ಹದಿಮೂರು ವಾರ. ಈ ಲೆಕ್ಕ ಮೊದಲೇ ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಎರಡನೇ ವಾರಕ್ಕೆ 'ನನ್ನದು ಬೆಳೆಯುತ್ತಲೇ ಇಲ್ಲ' ಎಂಬ ಬೇಸರ ಹತ್ತುತ್ತದೆ. ಸಾಲು ಎಣಿಸುವುದೂ ಬೇಡ: ಗಾರ್ಟರಿನಲ್ಲಿ ಎರಡು ಸಾಲಿಗೆ ಒಂದು ಏಣು ಏಳುತ್ತದೆ, ಏಣುಗಳನ್ನು ಎಣಿಸಿ ಹತ್ತಕ್ಕೊಂದು ಸೇಫ್ಟಿ ಪಿನ್ ಹಾಕಿದರೆ ಸಾಕು.

ಬೆಲ್ಲಿನ ಕಾರಣಕ್ಕೇ ಆಗುವ ತಪ್ಪು ಒಂದಿದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಾಲಿನ ನಡುವೆ ಬಿಟ್ಟು ಹೋಗಿದ್ದೀರಿ: ಒಂದು ಕಡ್ಡಿಯಲ್ಲಿ ಹನ್ನೆರಡು ಕುಣಿಕೆ, ಇನ್ನೊಂದರಲ್ಲಿ ಹದಿನೆಂಟು. ಮರುದಿನ ಕೈಗೆತ್ತಿಕೊಂಡಾಗ ಯಾವುದು ಬಲಗೈಗೆ? ಗಾರ್ಟರಿನ ಎರಡೂ ಬದಿ ಒಂದೇ ಥರ ಇರುವುದರಿಂದ ಬಟ್ಟೆ ನೋಡಿ ಹೇಳಲಾಗದು. ಉಂಡೆಗೆ ಹೋಗುವ ನೂಲು ಯಾವ ಕಡ್ಡಿಯ ಕೊನೆಯ ಕುಣಿಕೆಯಿಂದ ಹೊರಡುತ್ತದೋ ಅದು ಬಲಗೈಗೆ. ಅದಲುಬದಲಾದರೆ ನೀವು ಬಂದ ದಾರಿಯಲ್ಲೇ ವಾಪಸು ಹೆಣೆಯುತ್ತೀರಿ. ಕುಣಿಕೆಗಳ ಸಂಖ್ಯೆ ಮೂವತ್ತೇ ಇರುತ್ತದೆ, ಎಣಿಸಿದರೂ ಗೊತ್ತಾಗುವುದಿಲ್ಲ. ಆದರೆ ಒಂದು ಬದಿಗೆ ಎರಡು ಸಾಲು ಹೆಚ್ಚಾಗಿ, ತಿರುಗಿದ ಜಾಗದಲ್ಲಿ ಸಣ್ಣ ತೂತು ಬೀಳುತ್ತದೆ. ತೂತು ಕಂಡರೆ ಅಲ್ಲಿಯವರೆಗೆ ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚಬೇಕು: ಎಡಗಡ್ಡಿಯನ್ನು ಕೆಳಗಿನ ಸಾಲಿನ ಕುಣಿಕೆಗೆ ಮುಂದಿನಿಂದ ತೂರಿಸಿ, ಮೇಲಿನದನ್ನು ಜಾರಿಸಿ, ನೂಲು ಎಳೆದುಕೊಳ್ಳಿ. ಇದನ್ನೆಲ್ಲ ತಪ್ಪಿಸಲು, ಏಳುವಾಗ ನೂಲಿರುವ ತುದಿಗೆ ಪೆನ್ಸಿಲ್ ಅಳಿಸುವ ರಬ್ಬರ್ ಚುಚ್ಚಿಡಿ. ಕುಣಿಕೆಯೂ ಜಾರದು, ಯಾವುದು ಬಲಗೈಗೆ ಎಂಬ ಗುರುತೂ ಆಯಿತು. ಶಾಲೆಯಲ್ಲಿ ರಬ್ಬರಿಗೆ ಬರವಿಲ್ಲ.

ಕುಣಿಕೆ ಮೂವತ್ತಿದ್ದದ್ದು ಮೂವತ್ತನಾಲ್ಕಾಗಿದ್ದರೆ ಮೊದಲು ಅಂಚನ್ನು ನೋಡಿ. ತಿರುಗಿಸಿದ ಮೇಲೆ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಎರಡು ಕಾಲಿನಂತೆ ಅಗಲವಾಗಿ ಎದ್ದು ನಿಲ್ಲುತ್ತದೆ, ಎರಡನ್ನೂ ಹೆಣೆದುಬಿಡುತ್ತೀರಿ. ನೂಲು ಯಾವಾಗಲೂ ಕಡ್ಡಿಯ ಕೆಳಗಿಂದ ಹಿಂದಕ್ಕೆ ಹೋಗಬೇಕು. ಸಾಲಿನ ನಡುವೆ ತೂತಿನೊಂದಿಗೆ ಕುಣಿಕೆ ಹೆಚ್ಚಿದ್ದರೆ, ಮಾತಿನ ಭರದಲ್ಲಿ ನೂಲು ಮುಂದೆ ಬಂದು ಕಡ್ಡಿಗೆ ಸುಮ್ಮನೆ ಸುತ್ತಿಕೊಂಡಿದೆ ಎಂದರ್ಥ. ಮುಂದಿನ ಸಾಲಿನಲ್ಲಿ ಆ ಸುತ್ತನ್ನು ಬಿಟ್ಟುಬಿಟ್ಟರೆ ಸರಿಹೋಗುತ್ತದೆ. ಕುಣಿಕೆ ಬಿದ್ದಿದ್ದರೆ ಸೇಫ್ಟಿ ಪಿನ್ನಿನಲ್ಲಿ ಹಿಡಿದಿಟ್ಟು, ಕ್ರೋಶಾ ಕೊಕ್ಕೆಯಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ. ಗಾರ್ಟರಿನಲ್ಲಿ ಒಂದು ಮೆಟ್ಟಿಲು ಮುಂದಿನಿಂದ, ಮುಂದಿನದು ಹಿಂದಿನಿಂದ ಎತ್ತಬೇಕು ಎಂಬುದೊಂದೇ ತೊಡಕು.

ಮಣಿಕಟ್ಟಿನ ಮಾತೂ ಹೇಳಲೇಬೇಕು. ನೋಟ್‌ಬುಕ್ ತಿದ್ದುವಾಗ ದಣಿಯುವ ಹೆಬ್ಬೆರಳೇ ಕಡ್ಡಿ ಹಿಡಿದಾಗಲೂ ದುಡಿಯುವುದು. ಎರಡು ಸೆಕ್ಷನ್ನಿನ ಉತ್ತರ ಪತ್ರಿಕೆ ತಿದ್ದಿದ ದಿನ ಹೆಣಿಗೆ ಬಿಟ್ಟು ಬರೀ ಕೂತು ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜುಮ್ಮೆನ್ನುವುದು ಪದೇ ಪದೇ ಬಂದರೆ ವೈದ್ಯರಿಗೆ ತೋರಿಸಿ.

ಕೇಳುವುದಕ್ಕೆ ಏನಿರಬೇಕು? ಪುಸ್ತಕ. 'ನಿಮ್ಮ ನೆಚ್ಚಿನ ಪುಸ್ತಕ ಯಾವುದು' ಎಂದು ಕೇಳಿದರೆ ಸ್ಟಾಫ್ ರೂಮಿನಲ್ಲಿ ನಿಜವಾದ ಉತ್ತರ ಬರುವುದಿಲ್ಲ, ಭಾಷೆ ಕಲಿಸುವವರಿಂದಂತೂ ಗೌರವಕ್ಕೆ ತಕ್ಕ ಒಂದು ಹೆಸರು ಬರುತ್ತದೆ ಅಷ್ಟೆ. 'ಎರಡನೇ ಸಲ ಓದಿದ್ದು ಯಾವುದು' ಎಂದು ಕೇಳಿ ನೋಡಿ. ಗಣಿತದ ಮೇಷ್ಟ್ರು ಪತ್ತೇದಾರಿ ಕಾದಂಬರಿಯ ಹೆಸರು ಹೇಳುತ್ತಾರೆ, ಕಚೇರಿಯ ಗುಮಾಸ್ತರು ಚಿಕ್ಕಂದಿನ ಕಥೆಪುಸ್ತಕ ನೆನೆಯುತ್ತಾರೆ, ಮಾತು ಬೆಳೆಯುತ್ತದೆ. ಒತ್ತಡದ ಕಾಲದಲ್ಲಿ ಗಮನ ನಿಲ್ಲದೆ ದೊಡ್ಡ ಕಾದಂಬರಿ ಅರ್ಧಕ್ಕೇ ಬಿಟ್ಟವರು ಬಹಳ ಮಂದಿ. ಓದಿ ಮುಗಿಸಿದ ಪುಸ್ತಕಕ್ಕೆ ವಾಪಸು ಹೋಗುವುದು ಸುಲಭ: ಪಾತ್ರಗಳ ಪರಿಚಯವಿದೆ, ಕೊನೆ ಗೊತ್ತಿದೆ, ನಡುವೆ ಒಂದು ಪುಟ ಹಾರಿದರೂ ದಾರಿ ತಪ್ಪುವುದಿಲ್ಲ.

ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಹೆಣೆಯುವುದಾದರೆ ಹತ್ತು ನಿಮಿಷ ಸಾಕು, ನಾಲ್ಕೈದು ಪುಟ ಸಾಗುತ್ತದೆ. ಲಲಿತ ಪ್ರಬಂಧ, ಪತ್ರಗಳು, ಪ್ರವಾಸ ಕಥನದ ಒಂದು ತುಣುಕು ಇದಕ್ಕೆ ಒಗ್ಗುತ್ತವೆ. ಹೆಸರುಗಳು ಹತ್ತಾರು ಬರುವ ಕಥೆ ಒಗ್ಗುವುದಿಲ್ಲ, ಕುಣಿಕೆ ಎಣಿಸುವವರಿಗೆ ಯಾರು ಯಾರ ಮಗ ಎಂದು ತಿಳಿಯದೆ ಹೋಗುತ್ತದೆ. ಓದುವವರು ಬೆಳಗಿಂದ ನಾಲ್ಕು ಪೀರಿಯಡ್ ಕೂಗಿ ಬಂದವರಾಗಬಾರದು. ಗಂಟಲಿಗೆ ಅದು ಐದನೆಯ ಪೀರಿಯಡ್. ಗ್ರಂಥಪಾಲಕರು, ಲ್ಯಾಬ್ ಸಹಾಯಕರು, ಕಚೇರಿಯವರು ಓದಲಿ, ಇದು ಶಿಕ್ಷಕರದ್ದಷ್ಟೇ ಕೋಣೆಯಲ್ಲ.

ಕೆಲಸದ ಒತ್ತಡದ ಮಾತು ಕರೆಯದೆಯೇ ಬರುತ್ತದೆ. ಕಣ್ಣು ಕೈಯ ಮೇಲಿರುವಾಗ ಎದುರಿನವರ ಮುಖ ನೋಡಬೇಕಿಲ್ಲ, ಹೇಳಲಾರದ್ದನ್ನು ಹೇಳುವುದು ಸುಲಭವಾಗುತ್ತದೆ. ಮಾತು ನಿಂತರೂ ಮುಜುಗರವಿಲ್ಲ, ಸಾಲು ಸಾಗುತ್ತಿರುತ್ತದೆ. ವಿಡಿಯೊದಲ್ಲಿ ಸೇರಿದರೂ ಇದನ್ನು ಉಳಿಸಿಕೊಳ್ಳಬಹುದು: ಕ್ಯಾಮೆರಾವನ್ನು ಮುಖದಿಂದ ಕೈಯ ಕಡೆಗೆ ಬಾಗಿಸಿ.

ಆದರೆ ಹೆಣಿಗೆಯಿಂದ ಕೆಲಸ ಕಡಿಮೆಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ವಿವರಿಸುವಾಗ ಅದನ್ನು ಕಾಯಿಲೆ ಎನ್ನಲಿಲ್ಲ, ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದ ಫಲ ಎಂದಿತು. ಅದರ ಗುರುತು ಮೂರು: ಶಕ್ತಿಯೇ ಬತ್ತಿದಂತಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸ ಕೈಹಿಡಿಯುತ್ತಿಲ್ಲ ಎನಿಸುವುದು. ಮೂಲ ಕೆಲಸದ ಜಾಗದಲ್ಲಿದ್ದರೆ ಮದ್ದೂ ಅಲ್ಲೇ ಸಿಗಬೇಕು. ಆದ್ದರಿಂದ ಹತ್ತು ದೂರುಗಳ ನಡುವೆ ಕೇಳಿಕೊಳ್ಳಬಹುದಾದ ಒಂದನ್ನು ಯಾರಾದರೂ ಚೀಟಿಯಲ್ಲಿ ಬರೆದಿಡಲಿ. ಸಂಜೆ ಆರರ ನಂತರದ ಮೆಸೇಜಿಗೆ ಮರುದಿನ ಉತ್ತರ ಎಂದು ಇಡೀ ಶಾಲೆಯ ಹೆಸರಿನಲ್ಲಿ ಪೋಷಕರಿಗೆ ಒಂದು ಸೂಚನೆ. ಐದು ಮೆಸೇಜ್ ಗ್ರೂಪಿನ ಬದಲು ಒಂದು. ಎದುರಿಗೂ ಪರದೆಗೂ ಒಟ್ಟಿಗೆ ಪಾಠವಿದ್ದರೆ ಚಾಟ್ ನೋಡಿಕೊಳ್ಳಲು ಇನ್ನೊಬ್ಬರು. ಒಬ್ಬರೇ ಕೇಳಿದರೆ ಅದು ಅವರ ದೌರ್ಬಲ್ಯವೆಂಬಂತೆ ಕಾಣುತ್ತದೆ, ಎಂಟು ಜನ ಸಹಿ ಹಾಕಿದರೆ ವೇಳಾಪಟ್ಟಿಯ ವಿಷಯವಾಗುತ್ತದೆ.

ಹೀಗೆ ಸೇರಿ ಹೆಣೆಯುವ ಕೂಟಕ್ಕೆ ಹಾಜರಿ ಪುಸ್ತಕ ಬಂದ ದಿನ ಅದು ಕೆಡುತ್ತದೆ. ಆಡಳಿತದವರು ಮೆಚ್ಚಿ ಇದನ್ನು ಕ್ಷೇಮ ಕಾರ್ಯಕ್ರಮವೆಂದು ವರದಿಗೆ ಸೇರಿಸಿದರೆ ಫೋಟೋ ಬೇಕಾಗುತ್ತದೆ, ಗುರಿ ಬರುತ್ತದೆ, ತಿಂಗಳಿಗೆ ಇಷ್ಟು ಟೋಪಿ ಹೆಣೆದು ದಾನ ಕೊಡೋಣ ಎಂಬ ಮಾತು ಬರುತ್ತದೆ. ದಾನ ಒಳ್ಳೆಯದೇ, ಆದರೆ ಕೊನೆಯ ದಿನಾಂಕವಿರುವ ಹೆಣಿಗೆಯನ್ನು ಮನೆಗೆ ಒಯ್ಯಬೇಕಾಗುತ್ತದೆ. ಬಾರದವರನ್ನು ಏಕೆ ಬರಲಿಲ್ಲವೆಂದು ಕೇಳಬೇಡಿ.

ಮಫ್ಲರ್ ಮುಗಿಸುವಾಗ ನೂಲಿನ ಲೆಕ್ಕ ನೋಡಿಕೊಳ್ಳಿ: ಅಗಲದ ನಾಲ್ಕು ಪಟ್ಟು ಉಳಿದಿರಬೇಕು, 17 ಸೆಂಟಿಮೀಟರಿಗೆ ಸುಮಾರು 70. ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿಂದ ಹಾರಿಸಿ ಬಿಡಿ. ಮತ್ತೊಂದು ಹೆಣೆದು ಮತ್ತೆ ಹಾರಿಸಿ. ಕೈ ಬಿಗಿಯಿರುವವರು ಇದಕ್ಕೆ 6 ಮಿಲಿಮೀಟರಿನ ಕಡ್ಡಿ ಹಿಡಿಯಲಿ, ಇಲ್ಲದಿದ್ದರೆ ಕೊನೆಯ ಅಂಚು ಮೊದಲಿನದಕ್ಕಿಂತ ಕುಗ್ಗಿ ನಿಲ್ಲುತ್ತದೆ. ನಡುವೆ ಬೆಲ್ ಹೊಡೆದರೆ ಬಲಗಡ್ಡಿಯಲ್ಲಿ ಉಳಿದಿರುವ ಆ ಒಂದೇ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ ಎದ್ದು ಹೋಗಿ.