‘ಯಾರು ಯಾರನ್ನ ನೋಡ್ತಿದ್ದಾರೆ?’

ನಮ್ಮ ಚಿತ್ರಕಲೆ ಮೇಷ್ಟ್ರು ಹಳೆಯ ಜನಪದ ಕಥೆಗಳ ಚಿತ್ರ ತಂದಾಗ ಮೊದಲು ಕಥೆ ಹೇಳುತ್ತಿರಲಿಲ್ಲ. ‘ಸುಮ್ನೆ ನೋಡಿ. ಯಾರು ಯಾರನ್ನ ನೋಡ್ತಿದ್ದಾರೆ, ಹೇಳಿ’ ಅನ್ನುತ್ತಿದ್ದರು. ಕಾಲೇಜು ಎಂದರೆ ನನಗೆ ಇವತ್ತಿಗೂ ಆ ಪ್ರಶ್ನೆಯೇ.

ಜಾಸ್ತಿ ನೋಡಿದ್ದು ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಡೋರೆಯ ಚಿತ್ರಗಳನ್ನು. ಅಲ್ಲಿಯದೇ ಹಳೆಯ ಕಥೆಗಾರ ಪೆರೋ ಬರೆದ ಕಥೆಗಳಿಗೆ ಅವನು ಬಿಡಿಸಿದ ಚಿತ್ರಗಳು 1862ರಲ್ಲಿ ಅಚ್ಚಾದವು. ಕೆಂಪು ಟೋಪಿಯ ಹುಡುಗಿಗೆ ಕಾಡಿನಲ್ಲಿ ತೋಳ ಎದುರಾಗುವ ಚಿತ್ರವಿದೆ. ಅಚ್ಚು ಕಪ್ಪು ಬಿಳುಪಿನದು, ಹಾಗಾಗಿ ಕೆಂಪು ಅನ್ನುವುದೇ ಇಲ್ಲ. ಕಥೆಯ ಹೆಸರಲ್ಲೇ ಇರುವ ಬಣ್ಣ ಕೈತಪ್ಪಿದ ಮೇಲೆ ಭಯ ಹುಟ್ಟಿಸುವುದು ಹೇಗೆ? ಡೋರೆ ತೋಳದ ಬೆನ್ನನ್ನು ನಮ್ಮ ಕಡೆಗೆ ತಿರುಗಿಸಿದ. ಹುಡುಗಿಯ ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ. ನಾವು ತೋಳದ ಹಿಂದೆಯೇ ನಿಂತಿದ್ದೇವೆ, ಕೂಗಿ ಎಚ್ಚರಿಸಲು ಆಗುವುದಿಲ್ಲ.

ಮೇಷ್ಟ್ರು ಭೂತಗನ್ನಡಿ ಕೊಟ್ಟು ಆ ಬೆನ್ನನ್ನು ನೋಡಲು ಹೇಳಿದ್ದರು. ಬರೀ ಗೆರೆಗಳು! ಮರದ ಅಚ್ಚಿನಲ್ಲಿ ಕೆತ್ತಿ ತೆಗೆದದ್ದು ಬಿಳಿ, ಉಳಿದದ್ದು ಕಪ್ಪು. ಡೋರೆ ಚಿತ್ರ ಬಿಡಿಸಿದ, ಕೆತ್ತಿದ ಕೈಗಳು ಬೇರೆಯವರವು. ಆ ಕೈಗಳಿಗೂ ಕಥೆ ಗೊತ್ತಿತ್ತು ಅಂತಲೇ ನನ್ನ ನಂಬಿಕೆ.

ಅದೇ ಕಥೆಯ ಹಾಸಿಗೆಯ ಚಿತ್ರ ನನಗೆ ಇನ್ನೂ ಹೆಚ್ಚು ಇಷ್ಟ. ಹುಡುಗಿಯ ಅಜ್ಜಿಯನ್ನು ತಿಂದ ತೋಳ ಆ ಅಜ್ಜಿಯ ಟೋಪಿ ಹಾಕಿಕೊಂಡು ಮಲಗಿದೆ. ಹುಡುಗಿ ಹೊದಿಕೆಯನ್ನು ಮೈಗೆ ಎಳೆದುಕೊಂಡು ತೋಳವನ್ನೇ ನೋಡುತ್ತಿದ್ದಾಳೆ. ಇನ್ನೂ ಏನೂ ಆಗಿಲ್ಲ, ಆದರೆ ಅವಳಿಗೆ ಗೊತ್ತಾಗಿದೆ. ತೋಳ ಅಜ್ಜಿಯ ಮೇಲೆ ಎರಗುವ ಚಿತ್ರವೂ ಇದೆ. ಅದು ನನ್ನನ್ನು ಅಷ್ಟು ಹಿಡಿದು ನಿಲ್ಲಿಸಲಿಲ್ಲ. ಊಹಿಸಲು ಅಲ್ಲಿ ಏನೂ ಉಳಿದಿಲ್ಲ, ಅಲ್ವಾ?

ರಷ್ಯಾದ ಚಿತ್ರಕಾರ ಇವಾನ್ ಬಿಲಿಬಿನ್ ಬಣ್ಣವನ್ನೇ ನೆಚ್ಚಿದವನು. ವಾಸಿಲಿಸಾ ಎಂಬ ಹುಡುಗಿಯ ರಷ್ಯನ್ ಜನಪದ ಕಥೆಯಲ್ಲಿ ಬಿಳಿ, ಕೆಂಪು, ಕಪ್ಪು ಸವಾರರು ಹಾದುಹೋಗುತ್ತಾರೆ. ಅವರೇ ಹಗಲು, ಸೂರ್ಯ, ರಾತ್ರಿ. ಒಬ್ಬೊಬ್ಬ ಸವಾರನಿಗೂ ಬಿಲಿಬಿನ್ ಒಂದೊಂದು ಚಿತ್ರ ಕೊಟ್ಟ. ಕಾಲ ಸರಿಯುವುದನ್ನು ಚಿತ್ರದಲ್ಲಿ ಹೇಳಲು ಇದಕ್ಕಿಂತ ಸರಳ ದಾರಿ ನಾನು ಕಂಡಿಲ್ಲ.

ಅದಕ್ಕೂ ಹಿಂದಿನ ರಷ್ಯಾದ ಅಗ್ಗದ ಅಚ್ಚುಚಿತ್ರಗಳಿಗೆ ಲುಬೋಕ್ ಎನ್ನುತ್ತಾರೆ. ಅದರಲ್ಲಿ ಇಲಿಗಳು ಬೆಕ್ಕಿನ ಶವಯಾತ್ರೆ ಮಾಡುವ ಚಿತ್ರ ಬಹಳ ಪ್ರಸಿದ್ಧ. ಆ ಬೆಕ್ಕು ರಷ್ಯಾದ ದೊರೆ ಪೀಟರ್ ಎಂದು ಹೇಳಿದವರಿದ್ದಾರೆ, ಒಪ್ಪದವರೂ ಇದ್ದಾರೆ. ಮೇಷ್ಟ್ರು ಆ ಜಗಳಕ್ಕೆ ಹೋಗಲೇ ಇಲ್ಲ. ಬೆಕ್ಕಿನ ಕಾಲು ತೋರಿಸಿದರು. ಕಟ್ಟಿಹಾಕಿದ್ದರು! ‘ಸತ್ತಿದ್ರೆ ಕಟ್ಟೋದ್ಯಾಕೆ?’ ಎಂದು ಕೇಳಿದರು. ತರಗತಿ ಎರಡು ಪಾಲಾಯಿತು. ಬೆಕ್ಕು ಸತ್ತಿಲ್ಲ ಅನ್ನುವವರ ಕಡೆ ನಾನಿದ್ದೆ. ಈಗಲೂ ಆ ಕಡೆಯೇ ಇದ್ದೇನೆ.