ಅಂಥ ಸಿನಿಮಾ ಹೆಂಗ್ ನೋಡ್ತೀಯ ಅಂತ ಕೇಳೋರಿಗೆ

ಕೊಚ್ಚೋದು, ಓಡೋದು, ಕಿರುಚೋದು, ಕೊನೆಗೆ ಒಬ್ಬಳು ಉಳಿಯೋದು, ಇಂಥ ಹಾರರ್ ಸಿನಿಮಾಗಳು ನಂಗೆ ಇಷ್ಟ. ಇದು ಗೊತ್ತಾದ ತಕ್ಷಣ ಎಲ್ಲರೂ ಕೇಳೋದು ಒಂದೇ, "ಹೆಣ್ಮಗಳಾಗಿ ಅದನ್ನೆಲ್ಲ ಹೆಂಗ್ ನೋಡ್ತೀಯ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಬರೀತಿದೀನಿ. ಮೊದಲು ಆ "ಹೆಣ್ಮಗಳಾಗಿ" ಅನ್ನೋದನ್ನ ಬಿಟ್ಟು ಕೇಳಿ. ಅಣ್ಣಂಗೆ ಯಾರೂ "ಗಂಡ್ಮಗನಾಗಿ" ಅಂತ ಸೇರಿಸಿ ಕೇಳಿಲ್ಲ.

ಒಂದ್ಸಲ ಕಸಿನ್ ಎಂಗೇಜ್‌ಮೆಂಟಲ್ಲಿ ಪಂಕ್ತೀಲಿ ಕೂತಿದ್ವಿ, ಪಕ್ಕದಲ್ಲಿ ಚಿಕ್ಕಪ್ಪ. "ಊಟದ ಹೊತ್ತಲ್ಲಿ ಕೇಳಬಾರದು ಕಣಮ್ಮ, ಆದ್ರೂ ಕೇಳ್ತೀನಿ, ರಕ್ತ ನೋಡಿ ಏನ್ ಖುಷಿ ನಿಂಗೆ?" ನಂಗೆ ರೇಗಿತು. 1974ರ 'ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ನೋಡಿದೀರಾ ಅಂದೆ. ಇಲ್ಲ. ಹೆಸರು ಕೇಳಿದ್ರೆ ರಕ್ತದ ಹೊಳೆ ಅನ್ಸತ್ತೆ, ಆದ್ರೆ ಅದ್ರಲ್ಲಿ ಗರಗಸ ಮೈಗೆ ತಾಗೋದು ಹೆಚ್ಚು ಕಡಿಮೆ ಕಾಣೋದೇ ಇಲ್ಲ, ಡೈರೆಕ್ಟರ್ ಟೋಬ್ ಹೂಪರ್ ಮಕ್ಕಳೂ ನೋಡಬಹುದಾದ ರೇಟಿಂಗ್ ಸಿಗಲಿ ಅಂತ ಬೇಕಂತಲೇ ರಕ್ತ ಕಡಿಮೆ ತೋರಿಸಿದ್ದ, ಸಿಗಲಿಲ್ಲ ಅದು ಬೇರೆ ಮಾತು. ಶಬ್ದ, ಸೆಕೆ, ಎಲುಬು ತುಂಬಿದ ಕೊಲೆಗಾರರ ಮನೆ, ಇಷ್ಟರಲ್ಲೇ ನಮ್ಮ ತಲೆ ಉಳಿದಿದ್ದನ್ನ ತುಂಬ್ಕೊಳ್ಳತ್ತೆ.

"ಹಂಗಾದ್ರೆ ನೀನು ಏನ್ ನೋಡ್ತೀಯ?" ಅಂದ್ರು ಚಿಕ್ಕಪ್ಪ. ಇದು ಸರಿಯಾದ ಪ್ರಶ್ನೆ.

ಆ ಸಿನಿಮಾದಲ್ಲಿ ಕೊನೆಗೆ ಉಳಿಯೋ ಹುಡುಗಿ ಸ್ಯಾಲಿಯನ್ನ ನೋಡ್ತೀನಿ. ಕಿಟಕಿ ಒಡ್ಕೊಂಡು ಹಾರ್ತಾಳೆ, ಸಿಕ್ಕಿಬೀಳ್ತಾಳೆ, ಮತ್ತೆ ಇನ್ನೊಂದು ಕಿಟಕಿ ಒಡ್ಕೊಂಡು ಹಾರ್ತಾಳೆ. ಅವಳಿಗೆ ಯಾವ ಶಕ್ತಿನೂ ಇಲ್ಲ, ಪ್ಲ್ಯಾನೂ ಇಲ್ಲ, ಸಾಯಕ್ಕೆ ಒಪ್ಪಲ್ಲ ಅಷ್ಟೇ. ಹೀರೋ ಬಂದು ಬಿಡಿಸೋ ಕಥೆ ನೋಡಿ ಬೆಳೆದ ನಂಗೆ ಆ ಹಟ ಬೇಕಿತ್ತು. ಕೊಲ್ಲೋರೂ ಎಲ್ಲಿಂದಲೋ ಇಳಿದ ದೆವ್ವ ಅಲ್ಲ, ಕಸಾಯಿಖಾನೆ ನೆಚ್ಕೊಂಡಿದ್ದ ಕುಟುಂಬ, ದನ ಕೊಲ್ಲಕ್ಕೆ ಹೊಸ ಗನ್ ಬಂದು ಜನ ಕೆಲಸ ಕಳ್ಕೊಂಡ್ರು ಅನ್ನೋ ಮಾತು ಸಿನಿಮಾದಲ್ಲೇ ಬರತ್ತೆ, ಆ ಕುಟುಂಬದ ಬಂಕಲ್ಲಿ ಪೆಟ್ರೋಲೂ ಇಲ್ಲ. ಇದನ್ನ ಬರೀ ರಕ್ತ ಅಂದ್ರೆ ಹೆಂಗೆ?

ಆದ್ರೆ ನಿಜವಾಗ್ಲೂ ನನ್ನನ್ನ ಕೇಳಬೇಕಾಗಿದ್ದು ಇನ್ನೊಂದಿದೆ, ಯಾರೂ ಕೇಳಿಲ್ಲ: ಇದನ್ನ ತೆಗೆಯುವಾಗ ಯಾರಿಗೆ ನೋವಾಯ್ತು?

ಅದೇ ಟೆಕ್ಸಾಸ್ ಸಿನಿಮಾದ ಊಟದ ಸೀನನ್ನ ಕಿಟಕಿ ಮುಚ್ಚಿದ ಮನೇಲಿ, ಬೇಸಿಗೆ ಸೆಕೇಲಿ, ಲೈಟ್ ಕೆಳಗೆ ಕೊಳೀತಿದ್ದ ಮಾಂಸದ ವಾಸನೇಲಿ, ಒಂದು ದಿನಕ್ಕಿಂತ ಹೆಚ್ಚು ಹೊತ್ತು ಒಂದೇ ಸಮ ಶೂಟ್ ಮಾಡಿದ್ರು. ನಕಲಿ ರಕ್ತದ ಟ್ಯೂಬ್ ಕೈಕೊಡ್ತು ಅಂತ ಸ್ಯಾಲಿ ಪಾತ್ರ ಮಾಡಿದ ನಟಿ ಮರ್ಲಿನ್ ಬರ್ನ್ಸ್ ಬೆರಳನ್ನ ನಿಜವಾಗ್ಲೂ ಕುಯ್ದ್ರು. ಇನ್ನು 1980ರ ಇಟಾಲಿಯನ್ ಸಿನಿಮಾ 'ಕ್ಯಾನಿಬಲ್ ಹೋಲೋಕಾಸ್ಟ್', ನರಭಕ್ಷಕರನ್ನ ಶೂಟ್ ಮಾಡಕ್ಕೆ ಅಮೆಜಾನ್ ಕಾಡಿಗೆ ಹೋದ ಬಿಳಿಯರ ಕಥೆ. ಅದರ ಸಾವುಗಳು ಎಷ್ಟು ನಿಜ ಅನ್ಸಿದ್ವು ಅಂದ್ರೆ, ಡೈರೆಕ್ಟರ್ ರುಜ್ಜೆರೋ ದೆಯೋದಾತೋ ನಟರನ್ನ ಕೊಂದಿಲ್ಲ, ಅವರು ಬದುಕಿದಾರೆ ಅಂತ ಸಾಬೀತು ಮಾಡಬೇಕಾಯ್ತು. ಆಮೆ, ಹಂದಿ, ಕೋತಿಗಳನ್ನ ಮಾತ್ರ ಕ್ಯಾಮೆರಾ ಮುಂದೆ ನಿಜವಾಗಿಯೇ ಕೊಂದಿದ್ರು. ಸಾಲದ್ದಕ್ಕೆ ಯಾನೊಮಾಮೊ ಅನ್ನೋ ನಿಜವಾದ ಬುಡಕಟ್ಟಿನ ಹೆಸರು ಹಾಕಿ ಅವರನ್ನ ನರಭಕ್ಷಕರು ಅಂತ ತೋರಿಸಿದ್ರು. ಬಿಳಿಯರೇ ನಿಜವಾದ ಕ್ರೂರಿಗಳು ಅಂತ ಹೇಳಕ್ಕೆ ಹೊರಟ ಸಿನಿಮಾ ಇದು! ಟೀಕೆ ಮಾಡ್ತೀನಿ ಅಂತ ಅದನ್ನೇ ಮಾರೋದು, ಈ ಜಾತಿ ಸಿನಿಮಾಗಳ ದೊಡ್ಡ ರೋಗ ಇದೇ.

ಹೊಸ ಸಿನಿಮಾಗಳಲ್ಲಿ ಆ ಥರ ಪ್ರಾಣಿಗಳನ್ನ ಕೊಲ್ಲಲ್ಲ, ಒಳ್ಳೇದು. ಆದ್ರೆ 2005ರ 'ಹಾಸ್ಟೆಲ್' ನೋಡುವಾಗ ಸಾಯೋ ಹುಡುಗರ ಬಗ್ಗೆ ನಂಗೆ ಏನೂ ಅನ್ಸಲೇ ಇಲ್ಲ. ಅವರು ಯಾರು ಅನ್ನೋದಕ್ಕಿಂತ ಆಯುಧ ಯಾವುದು ಅನ್ನೋದೇ ಮುಖ್ಯ ಆಗ್ಬಿಟ್ಟಿತ್ತು. ಅಂಥದ್ದು ನಂಗೆ ಬೋರ್, ಬೈಯೋರ ಜೊತೆ ಸೇರಿ ನಾನೂ ಬೈತೀನಿ.

ಆಮೆ ಕೊಂದ ಸಿನಿಮಾನ ಯಾರಿಗೂ ನೋಡಿ ಅನ್ನಲ್ಲ. ಟೆಕ್ಸಾಸ್ ನೋಡಿ ಅಂತೀನಿ, ಚಿಕ್ಕಪ್ಪಂಗೂ ಅಂದೆ. ಆದ್ರೆ ಆ ಬೆರಳಿನ ವಿಷಯ ಮೊದಲೇ ಹೇಳಿರ್ತೀನಿ, ಗೊತ್ತಿದ್ದು ನೋಡೋದು ಬಿಡೋದು ನಿಮಗೆ ಬಿಟ್ಟಿದ್ದು.